ಮಗ್ಗದ ಬೀದಿಯ ಗುಡ್ಡ ಮತ್ತು ಆರ್‌ಎನ್‌ಎ ಆಡಳಿತ

ಗಂಗರಬಾವಿ ಪಟ್ಟಣದ ಮಗ್ಗದ ಬೀದಿಯಲ್ಲಿ ಈಗ ಇರುವ ಗುಡ್ಡವು ಭೂಕಂಪದಿಂದಾಗಲಿ ಜ್ವಾಲಾಮುಖಿಯಿಂದಾಗಲಿ ಉಂಟಾದದ್ದಲ್ಲ. ಪಟ್ಟಣ ಪಂಚಾಯಿತಿಯ ಸುತ್ತೋಲೆಯ ಪ್ರಕಾರ, ಸಂಬಂಧಪಟ್ಟವರೆಲ್ಲರ ಸಹಿಯೊಂದಿಗೆ ಉಂಟಾದದ್ದು. ಗುಡ್ಡಕ್ಕೆ ಮೊದಲು ಅದೇ ಜಾಗದಲ್ಲಿ ಒಂದು ಗುಂಡಿ ಇತ್ತು. ಗುಂಡಿಯೂ ನಿಯಮದ ಪ್ರಕಾರವೇ ಇತ್ತು.

ಗುಂಡಿ ಇದ್ದದ್ದು ಅನ್ವರ್ ಬೇಗಂ ಅವರ ಮನೆಯ ಗೇಟಿಗೆ ಸರಿಯಾಗಿ ಎದುರಿಗೆ. ಕುಡಿಯುವ ನೀರಿನ ಪೈಪು ಹಾಕುವುದಕ್ಕೆಂದು ಅದನ್ನು ತೋಡಿದ್ದರು. ಪೈಪು ಬರುವ ಮೊದಲೇ ಗುತ್ತಿಗೆದಾರ ದೇವನಹಳ್ಳಿ ಕಡೆ ಇನ್ನೊಂದು ಗುಂಡಿ ತೋಡಲು ಹೊರಟುಹೋದ. ಅನ್ವರ್ ಬೇಗಂ ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಅಪ್ಪಂದಿರಿಗೂ ಪಾಠ ಹೇಳಿ, ಆಮೇಲೆ ಅವರ ಮಕ್ಕಳಿಗೂ ಪಾಠ ಹೇಳಿ ನಿವೃತ್ತರಾದ ಜೀವಶಾಸ್ತ್ರದ ಉಪನ್ಯಾಸಕಿ. ಎಂ.ಎಸ್ಸಿ.ಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದವರು. ಈ ವಿಷಯ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವರೇ ತಿಳಿಸಿದ್ದರು. ಗುಂಡಿಯ ಮೇಲೆ ಒಂದು ಹಲಗೆ ಹಾಕಿಕೊಂಡು ಅವರೂ ಅವರ ಯಜಮಾನರಾದ ನಜೀಬುಲ್ಲಾ ಅವರೂ ಹೇಗೋ ದಾಟುತ್ತಿದ್ದರು.

ಆದರೆ ಹೊಸಕೋಟೆಗೆ ಮದುವೆಯಾಗಿ ಹೋಗಿದ್ದ ಮಗಳು ತಂಜೀಲಾಗೆ ಈಗ ಏಳು ತಿಂಗಳು ತುಂಬುತ್ತಿತ್ತು. ಮೊದಲ ಹೆರಿಗೆ ತವರಲ್ಲಿ ಆಗಬೇಕು. ಮಗ್ಗದ ಬೀದಿಯಲ್ಲಿ ಎಲ್ಲ ಜಾತಿಯವರೂ ಎಲ್ಲ ಧರ್ಮದವರೂ ತಕರಾರಿಲ್ಲದೆ ಒಪ್ಪಿಕೊಂಡಿದ್ದ ನಿಯಮ ಅದೊಂದೇ.

ಎದುರು ಮನೆಯ ಮುನಿಗಂಗಮ್ಮ ತಮ್ಮ ಜಗಲಿಯಿಂದಲೇ ಕೂಗಿ ಕೇಳಿದರು: "ಬೇಗಮ್ಮ, ಬಸುರಿ ಹುಡುಗಿ ಹಲಗೆ ಮೇಲೆ ನಡ್ಕೊಂಡು ಬರ್ತಾಳಾ? ಸರ್ಕಸ್ನೋಳಾ ಅವಳೇನು? ಹೋಗಿ ಆ ಪಂಚಾಯ್ತಿಯೋರ ಕುತ್ತಿಗೆ ಪಟ್ಟಿ ಹಿಡ್ಕೋಬಾರ್ದಾ?"

"ಕುತ್ತಿಗೆ ಪಟ್ಟಿ ಯಾಕೆ ಮುನಿಗಂಗಮ್ಮ? ಅಲ್ಲಿರೋ ಮುಖ್ಯಾಧಿಕಾರಿ ನನ್ನ ಸ್ಟೂಡೆಂಟು. ಒಂದು ಮಾತು ಹೇಳಿದ್ರೆ ಆಯ್ತು," ಎಂದರು ಅನ್ವರ್ ಬೇಗಂ. ಮುಂದೆ ನಡೆದದ್ದಕ್ಕೆಲ್ಲ ಈ ಒಂದು ಮಾತೇ ಕಾರಣವೆಂದು ಈಗ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ.

ಮುಖ್ಯಾಧಿಕಾರಿ ಮುನೀಂದ್ರ ಕುರ್ಚಿಯಿಂದ ಎದ್ದು ನಿಂತು ಕೈಮುಗಿದ.

"ಮೇಡಂ, ಗೊತ್ತಾಯ್ತಾ? ನಾನು ಮುನೀಂದ್ರ, ಲಾಸ್ಟ್ ಬೆಂಚು."

"ಗೊತ್ತು. ಕಪ್ಪೆ ಕೊಯ್ಯೋ ದಿನ ಕಿಟಕಿ ಹಾರಿ ಓಡಿಹೋದವನು. ಗುಂಡಿ ಯಾಕೋ ಮುಚ್ಚಿಲ್ಲ?"

ಗುಂಡಿಯ ಮೂಲ ಕಡತ ಇಂಜಿನಿಯರ ಬಳಿ ಇದೆ ಎಂದು ಮುನೀಂದ್ರ ಹೇಳಿದ. ಇಂಜಿನಿಯರು ಅದನ್ನು ಅಧ್ಯಕ್ಷರ ಮನೆಗೆ ಕಳಿಸಿದ್ದರು. ಅಧ್ಯಕ್ಷರು ಅದನ್ನು ಗುತ್ತಿಗೆದಾರನಿಗೆ ಕೊಟ್ಟಿದ್ದರು. ಗುತ್ತಿಗೆದಾರ ಅದರ ಮೇಲೆ ಕೂತು ಬಿರಿಯಾನಿ ತಿಂದದ್ದನ್ನು ನೋಡಿದವರಿದ್ದರು; ಆಮೇಲೆ ಅದನ್ನು ಯಾರೂ ನೋಡಿರಲಿಲ್ಲ.

ಅನ್ವರ್ ಬೇಗಂ ಅವರಿಗೆ ಸಿಟ್ಟು ಬಂತು. "ಕಣ್ಣಿಗೆ ಕಾಣದ ಒಂದು ಜೀವಕೋಶ ನಿನ್ನ ಆಫೀಸಿಗಿಂತ ಸಾವಿರ ಪಾಲು ವಾಸಿ ಕಣೋ. ಅದು ಮೂಲ ದಾಖಲೆನ ಯಾರ ಕೈಗೂ ಕೊಡೋದಿಲ್ಲ."

"ಹೇಗೆ ಮೇಡಂ?" ಎಂದ ಮುನೀಂದ್ರ.

ಕಾಲೇಜಿನಲ್ಲಿ ಇದ್ದಷ್ಟು ಕಾಲವೂ ಅವನು ಕೇಳದೇ ಹೋಗಿದ್ದ ಪ್ರಶ್ನೆ ಇದು. ಯಾವ ಮೇಷ್ಟರಿಗೂ ಇಂಥ ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಲು ಆಗುವುದಿಲ್ಲ. ಅನ್ವರ್ ಬೇಗಂ ಎದ್ದರು. ಗೋಡೆಯ ಮೇಲೆ ತೂಗುಹಾಕಿದ್ದ, ತೆರಿಗೆ ಬಾಕಿದಾರರ ಹೆಸರು ಬರೆಯುವ ಬೋರ್ಡನ್ನು ಒರೆಸಿ ದುಂಡಗೆ ಒಂದು ಜೀವಕೋಶ ಬರೆದರು. ಒರೆಸಿಹೋದ ಬಾಕಿದಾರರಲ್ಲಿ ಇಬ್ಬರು ಸದಸ್ಯರೂ ಇದ್ದದ್ದರಿಂದ ಯಾರೂ ಆಕ್ಷೇಪಿಸಲಿಲ್ಲ.

"ನೋಡು. ಇದು ಕೋಶಕೇಂದ್ರ, ಅಂದ್ರೆ ರೆಕಾರ್ಡ್ ರೂಮು. ಮೂಲ ದಾಖಲೆ ಡಿಎನ್‌ಎ ಇಲ್ಲಿಂದ ಹೊರಗೆ ಹೋಗೋದೇ ಇಲ್ಲ. ಎಷ್ಟು ಬೇಕೋ ಅಷ್ಟು ಭಾಗದ್ದು ಒಂದು ನಕಲು ತೆಗೀತಾರೆ. ಆ ನಕಲೇ ಸಂದೇಶವಾಹಕ ಆರ್‌ಎನ್‌ಎ. ಹೊರಡೋಕೆ ಮುಂಚೆ ಅದರಲ್ಲಿರೋ ಬೇಡದ ತುಂಡುಗಳನ್ನ ಕತ್ತರಿಸಿ ತೆಗೀಬೇಕು. ಅದಕ್ಕೂ ಚಿಕ್ಕ ಚಿಕ್ಕ ಆರ್‌ಎನ್‌ಎಗಳಿವೆ. ಆಮೇಲೆ ಮುಂದುಗಡೆ ಒಂದು ಟೋಪಿ, ಹಿಂದುಗಡೆ ಒಂದು ಬಾಲ. ಬಾಲ ಉದ್ದ ಇದ್ದಷ್ಟೂ ಸಂದೇಶದ ಆಯಸ್ಸು ಜಾಸ್ತಿ."

"ನಮ್ಮಲ್ಲೂ ಬೇಡದ ಹಾಳೆ ತುಂಬಾ ಇರುತ್ತೆ ಮೇಡಂ," ಎಂದರು ಮೂಲೆಯಲ್ಲಿ ಕೂತಿದ್ದ ಹಿರಿಯ ಗುಮಾಸ್ತ ಸಂಜೀವಪ್ಪ, ಮೊದಲ ಬಾರಿಗೆ ಫೈಲಿನಿಂದ ತಲೆಯೆತ್ತಿ.

"ಆ ಸಂದೇಶ ಕಾರ್ಖಾನೆಗೆ ಹೋಗುತ್ತೆ. ಕಾರ್ಖಾನೆ ಹೆಸರು ರೈಬೋಸೋಮು. ಅದರಲ್ಲಿ ಒಂದು ದೊಡ್ಡ ಭಾಗ, ಒಂದು ಚಿಕ್ಕ ಭಾಗ. ಸಂದೇಶ ಬಂದಾಗ ಮಾತ್ರ ಎರಡೂ ಒಟ್ಟಿಗೆ ಸೇರೋದು. ಅದರ ಮೈಯಲ್ಲಿ ಹೆಚ್ಚಿನ ಪಾಲು ರೈಬೋಸೋಮ್ ಆರ್‌ಎನ್‌ಎನೇ. ಸಾಮಾನು, ಅಂದ್ರೆ ಅಮೈನೋ ಆಮ್ಲ, ಬೆಸೆಯೋ ಕೈನೂ ಅದೇ. ಇಡೀ ಕೋಶದ ಆರ್‌ಎನ್‌ಎನಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಅದರದ್ದು. ಇನ್ನು ಸಾಮಾನು ಹೊತ್ತು ತರೋದು ವರ್ಗಾವಣೆ ಆರ್‌ಎನ್‌ಎ. ಒಂದೊಂದೂ ಒಂದೇ ಬಗೆ ಸಾಮಾನು ತರುತ್ತೆ. ಸಂದೇಶದ ಮೂರು ಮೂರು ಅಕ್ಷರ ನೋಡಿ, ತನ್ನ ಸರದಿ ಬಂದಾಗ ಇಳಿಸಿ ಹೋಗುತ್ತೆ. ಕೊನೆಗೆ 'ನಿಲ್ಲು' ಅನ್ನೋ ಸಂಕೇತ ಬಂದ ಕೂಡಲೇ ಕೆಲಸ ಮುಗೀತು, ಪ್ರೋಟೀನು ತಯಾರು. ಸಂದೇಶ ಕರಗಿಹೋಗುತ್ತೆ. ಲಂಚ ಇಲ್ಲ, ಟೀ ಖರ್ಚಿಲ್ಲ."

ಟೀ ಖರ್ಚಿಲ್ಲ ಎಂಬಲ್ಲಿ ಸಭಿಕರಲ್ಲಿ ಸ್ವಲ್ಪ ಗುಸುಗುಸು ಆಯಿತು. ಮುನೀಂದ್ರ ಮಾತ್ರ ಎಲ್ಲವನ್ನೂ ಬರೆದುಕೊಂಡ. ಅನ್ವರ್ ಬೇಗಂ ಮನೆಗೆ ಬಂದು ಯಜಮಾನರಿಗೆ ಹೇಳಿದರು: "ಅಜೀ, ಲಾಸ್ಟ್ ಬೆಂಚಿನ ಹುಡುಗ ನೋಟ್ಸ್ ಬರೆದುಕೊಂಡ!"

ಅದೇ ವಾರ ಸುತ್ತೋಲೆ ಹೊರಟಿತು. ಅದರ ಮುಖ್ಯ ಭಾಗ ಹೀಗಿದೆ:

"ಜೀವಕೋಶಗಳು ಕೋಟ್ಯಂತರ ವರ್ಷಗಳಿಂದ ಯಾವುದೇ ಆಡಿಟ್ ಆಕ್ಷೇಪಣೆಯಿಲ್ಲದೆ ಕಾರ್ಯನಿರ್ವಹಿಸುತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ಸದರಿ ಪದ್ಧತಿಯನ್ನು ತಕ್ಷಣದಿಂದ ಜಾರಿಗೆ ತರಲಾಗಿದೆ. ಮೂಲ ಕಡತಗಳು ಡಿಎನ್‌ಎ ಆಗಿದ್ದು, ರೆಕಾರ್ಡ್ ರೂಮಿನಿಂದ ಹೊರಬರತಕ್ಕದ್ದಲ್ಲ. ಕಡತದೊಂದಿಗೆ ಯಾರೂ ಬಿರಿಯಾನಿ ಸೇವಿಸತಕ್ಕದ್ದಲ್ಲ. ಸಿಬ್ಬಂದಿಯು ತಮಗೆ ಹಂಚಿಕೆಯಾದ ಆರ್‌ಎನ್‌ಎ ಕರ್ತವ್ಯವನ್ನು ಮಾತ್ರ ನಿರ್ವಹಿಸತಕ್ಕದ್ದು. ಇನ್ನೊಂದು ಆರ್‌ಎನ್‌ಎಯ ಕೆಲಸದಲ್ಲಿ ಕೈ ಹಾಕುವುದು ಶಿಸ್ತುಕ್ರಮಕ್ಕೆ ಅರ್ಹ."

ಹಂಚಿಕೆಯ ದಿನ ಸಣ್ಣ ಗಲಾಟೆಯಾಯಿತು. ಕೋಣೆ ಬಿಟ್ಟು ಹೊರಗೆ ಬರುವಂತಿಲ್ಲ, ಯಾವ ಕೆಲಸವನ್ನೂ ಕೈಯಾರೆ ಮಾಡುವಂತಿಲ್ಲ ಎಂದು ತಿಳಿದಾಗ ಎಲ್ಲರೂ ಡಿಎನ್‌ಎ ಆಗಲು ಅರ್ಜಿ ಕೊಟ್ಟರು. ಸೇವಾ ಹಿರಿತನದ ಮೇಲೆ ರೆಕಾರ್ಡ್ ಕೀಪರನ್ನೇ ಉಳಿಸಿಕೊಂಡರು. ವರ್ಗಾವಣೆ ಆರ್‌ಎನ್‌ಎ ಎಂಬ ಹೆಸರು ಕೇಳಿ ನೌಕರರಲ್ಲಿ ಯಾರೂ ಮುಂದೆ ಬರಲಿಲ್ಲ. ಆ ಕೆಲಸ ಟ್ರ್ಯಾಕ್ಟರ್ ಮಾಲೀಕ ಚಿಕ್ಕವೆಂಕಟಪ್ಪನಿಗೆ ಹೋಯಿತು. ರಸ್ತೆ ಕೆಲಸದ ಗ್ಯಾಂಗು ರೈಬೋಸೋಮ್ ಆಯಿತು. ಅದರ ದೊಡ್ಡ ಭಾಗ ಟೀ ಅಂಗಡಿಯಲ್ಲೂ ಚಿಕ್ಕ ಭಾಗ ಅರಳಿಕಟ್ಟೆಯಲ್ಲೂ ಮೊದಲಿಂದಲೇ ಇದ್ದು, ಸಂದೇಶ ಬಂದಾಗ ಮಾತ್ರ ಸೇರುತ್ತಿದ್ದುದರಿಂದ ಹೊಸ ತರಬೇತಿಯ ಅಗತ್ಯ ಬೀಳಲಿಲ್ಲ. ಬೇಡದ ತುಂಡು ಕತ್ತರಿಸುವ ಆರ್‌ಎನ್‌ಎ ಆಗಿ ಸಂಜೀವಪ್ಪನವರಿಗೆ ಒಂದು ಹೊಸ ಕತ್ತರಿ ಮಂಜೂರಾಯಿತು.

ಸಂದೇಶವಾಹಕನಾಗಿ ಹೊರಗುತ್ತಿಗೆ ನೌಕರ ನರೇಶನನ್ನು ನೇಮಿಸಿ, ಮೇಡಂ ಹೇಳಿದಂತೆ ಅವನಿಗೆ ಒಂದು ಟೋಪಿ ಕೊಟ್ಟರು. ನೇಮಕದ ಆದೇಶದಲ್ಲಿದ್ದ 'ಸಂದೇಶ ತಲುಪಿಸಿದ ನಂತರ ವಿಘಟನೆ ಹೊಂದತಕ್ಕದ್ದು' ಎಂಬ ಸಾಲನ್ನು ಅವನು ಎರಡು ಸಲ ಓದಿದ.

"ವಿಘಟನೆ ಅಂದ್ರೇನು ಸಾರ್?"

"ಏನಿಲ್ಲಪ್ಪಾ. ಸಂಜೆ ಕೆಲಸದಿಂದ ತೆಗೀತೀವಿ, ಬೆಳಿಗ್ಗೆ ಬಾ, ಹೊಸದಾಗಿ ತಗೋತೀವಿ," ಎಂದರು ಸಂಜೀವಪ್ಪ.

"ಮತ್ತೆ ಪಿಎಫ್ಫು?"

"ಜೀವಕೋಶದಲ್ಲಿ ಎಲ್ಲಿಂದ ಬರುತ್ತಯ್ಯಾ ಪಿಎಫ್ಫು?"

ನರೇಶ ಯೋಚಿಸಿ ನೋಡಿದ. ಈಗಿರುವುದಕ್ಕೂ ಇದಕ್ಕೂ ಟೋಪಿಯೊಂದು ಬಿಟ್ಟರೆ ವ್ಯತ್ಯಾಸ ಕಾಣಲಿಲ್ಲ. ಸಹಿ ಹಾಕಿದ.

ಹೊಸ ಪದ್ಧತಿಯ ಮೊದಲ ಸಂದೇಶ ಅನ್ವರ್ ಬೇಗಂ ಅವರ ಗುಂಡಿಯದೇ ಆಗಬೇಕೆಂದು ಮುನೀಂದ್ರ ಪಟ್ಟು ಹಿಡಿದ; ಅದು ಅವನ ಗುರುದಕ್ಷಿಣೆ. ಕಳೆದುಹೋದ ಮೂಲ ಕಡತದ ಬದಲು ಹೊಸದೊಂದನ್ನು ತೆರೆದು ಅದರ ನಕಲು ತಯಾರಿಸಿದರು: ಗುಂಡಿಗೆ ಮಣ್ಣು ಹಾಕುವುದು; ನೀರು ಬಿಟ್ಟು ದಿಮ್ಮಸು ಹಾಕುವುದು; ಮತ್ತೆ ಮಣ್ಣು ಹಾಕುವುದು; ರಸ್ತೆಯ ಮಟ್ಟ ಬಂದಾಗ ನಿಲ್ಲಿಸುವುದು. ಹಿಂದುಗಡೆಯ ಬಾಲವೆಂದರೆ ಸಹಿಗಳೇ ಎಂದು ಕಚೇರಿ ತೀರ್ಮಾನಿಸಿತ್ತು. ಮುಖ್ಯಾಧಿಕಾರಿಯ ಮೇಡಂ ವಿಷಯವೆಂದು ಗೊತ್ತಾಗಿ ಅಧ್ಯಕ್ಷರಿಂದ ಹಿಡಿದು ವಾಲ್ವ್‌ಮನ್ ತನಕ ಎಲ್ಲರೂ ಗೌರವದಿಂದ ಸಹಿ ಹಾಕಿದರು. ಗಂಗರಬಾವಿಯ ಇತಿಹಾಸದಲ್ಲಿ ಅಷ್ಟು ಉದ್ದದ ಬಾಲ ಯಾವ ಆದೇಶಕ್ಕೂ ಬೆಳೆದಿರಲಿಲ್ಲ.

ನಕಲು ಸಂಜೀವಪ್ಪನವರ ಕತ್ತರಿಗೆ ಬಂತು. ಅವರು ಕನ್ನಡಕ ಏರಿಸಿಕೊಂಡು ಓದಿದರು. ಮೊದಲ ಮೂರು ಸಾಲು ಕೆಲಸದವು. ನಾಲ್ಕನೆಯದು ಕೆಲಸವನ್ನು ನಿಲ್ಲಿಸುವ ಸಾಲು. ಅಭಿವೃದ್ಧಿಯ ಆದೇಶದಲ್ಲಿ ಅಭಿವೃದ್ಧಿಯನ್ನು ನಿಲ್ಲಿಸುವ ಮಾತು ಬೇಡದ ತುಂಡಲ್ಲದೆ ಇನ್ನೇನು? ತಮ್ಮ ಸೇವಾವಧಿಯಲ್ಲಿ ಯಾವ ಕೆಲಸವನ್ನೂ ನಿಲ್ಲಿಸಲು ಆದೇಶ ಬೇಕಾಗಿರಲಿಲ್ಲ, ಎಲ್ಲವೂ ತಾವಾಗಿಯೇ ನಿಂತಿದ್ದವು. ಅವರು ಆ ಸಾಲನ್ನು ನೀಟಾಗಿ ಕತ್ತರಿಸಿ ಬುಟ್ಟಿಗೆ ಹಾಕಿದರು.

ನರೇಶ ಟೋಪಿ ಧರಿಸಿ ಹೊರಟ. ರೈಬೋಸೋಮಿನ ಎರಡೂ ಭಾಗಗಳು ಸೇರಿದವು. ಚಿಕ್ಕವೆಂಕಟಪ್ಪನ ಒಂದು ಟ್ರ್ಯಾಕ್ಟರು ಮಣ್ಣನ್ನೇ ತಂದಿತು, ಇನ್ನೊಂದು ನೀರನ್ನೇ ತಂದಿತು. ಮಧ್ಯಾಹ್ನದ ಹೊತ್ತಿಗೆ ಗುಂಡಿ ಮುಚ್ಚಿತು. ಅನ್ವರ್ ಬೇಗಂ ಗೇಟಿನಲ್ಲಿ ನಿಂತು ಕಣ್ತುಂಬ ನೋಡಿ, ಕೆಲಸದವರಿಗೆಲ್ಲ ಶರಬತ್ತು ಕೊಟ್ಟು, ಮಗಳಿಗೆ ಫೋನು ಮಾಡಿದರು: "ಬಾಮ್ಮಾ, ದಾರಿ ಆಯ್ತು."

ಫೋನು ಇಡುವಷ್ಟರಲ್ಲಿ ಇನ್ನೊಂದು ಟ್ರ್ಯಾಕ್ಟರ್ ಮಣ್ಣು ಬಂದು ಬಿತ್ತು. ಸಂಜೆ ಹೊತ್ತಿಗೆ ಅದು ಅವರ ಸೊಂಟದ ಎತ್ತರ ಇತ್ತು.

"ಸಾಕಪ್ಪಾ ಚಿಕ್ಕವೆಂಕಟಪ್ಪ, ಗುಂಡಿ ತುಂಬಿತಲ್ಲ!"

"ಸಾಕು ಅಂತ ಆರ್ಡರ್ನಲ್ಲಿ ಎಲ್ಲೈತೆ ತಾಯಿ? ಮಣ್ಣು ಹಾಕು, ನೀರು ಬಿಡು, ಮತ್ತೆ ಮಣ್ಣು ಹಾಕು ಅಂತೈತೆ. ಅದರ ಕೆಳಗೆ ಬರೀ ಸಹಿಗಳವೆ. ನಾನು ವರ್ಗಾವಣೆ ಆರ್‌ಎನ್‌ಎ. ಮಣ್ಣು ತರೋನು. ನಿಲ್ಲಿಸೋ ಡಿಪಾರ್ಟ್‌ಮೆಂಟು ನಂದಲ್ಲ."

ಶಾಸ್ತ್ರದ ಪ್ರಕಾರ ಅವನು ಹೇಳಿದ್ದು ಸರಿ. 'ನಿಲ್ಲು' ಎಂಬ ಸಂಕೇತಕ್ಕೆ ಹೊಂದುವ ವರ್ಗಾವಣೆ ಆರ್‌ಎನ್‌ಎ ಎಂಬುದು ಇರುವುದಿಲ್ಲ. ಈ ಒಂದು ಅಂಶವನ್ನು ಬರೆಯದೆ ಅನ್ವರ್ ಬೇಗಂ ಅವರ ಕೈಲಿ ಅಂಕ ಕಳೆದುಕೊಂಡ ಮಕ್ಕಳು ಎಷ್ಟೋ. ಚಿಕ್ಕವೆಂಕಟಪ್ಪ ಕಾಲೇಜಿನ ಮೆಟ್ಟಿಲು ಹತ್ತದೆಯೇ ಪೂರ್ಣ ಅಂಕ ತೆಗೆದಿದ್ದ.

ಅವನಿಗೆ ನಿಲ್ಲಿಸುವ ಆಸೆಯೂ ಇರಲಿಲ್ಲ. ಊರಾಚೆ ಒಂದು ಲೇಔಟಿಗೆ ದಿಬ್ಬ ಕಡಿದು ಸಮ ಮಾಡುತ್ತಿದ್ದರು. ಅಲ್ಲಿಂದ ಮಣ್ಣು ತೆಗೆದುಕೊಂಡು ಹೋಗುವುದಕ್ಕೆ ಲೇಔಟಿನವರೂ, ಇಲ್ಲಿ ತಂದು ಹಾಕುವುದಕ್ಕೆ ಪಂಚಾಯಿತಿಯವರೂ ಅವನಿಗೆ ದುಡ್ಡು ಕೊಡುತ್ತಿದ್ದರು. ಲೇಔಟಿನ ಒಡೆಯರು ಅಧ್ಯಕ್ಷರೇ ಆದದ್ದರಿಂದ ಲೆಕ್ಕಾಚಾರದಲ್ಲಿ ಗೊಂದಲವಾಗಲಿಲ್ಲ.

ಗೇಟು ತೆರೆಯದಂತಾಯಿತು. ಮನೆಯ ಹಿಂದುಗಡೆ ಮಗ್ಗದ ಕಾರ್ಖಾನೆಯ ಗೋಡೆ. ಅನ್ವರ್ ಬೇಗಂ ಮಣ್ಣಿನ ಮೇಲೆ ಕೈಯೂರಿ ಹತ್ತಿ, ಆ ಕಡೆಗೆ ಜಾರಿ ಇಳಿದು, ಸೀರೆ ಒದರಿಕೊಂಡು ಕಚೇರಿಗೆ ಹೋದರು.

"ನಿಲ್ಲಿಸೋ ಮುನೀಂದ್ರ!"

"ನಿಲ್ಲಿಸೋಕೆ ಜೀವಕೋಶದಲ್ಲಿ ಏನಾದ್ರೂ ವ್ಯವಸ್ಥೆ ಇದೆಯಾ ಮೇಡಂ?"

ಇದೆ ಎಂದು ಹೇಳದೆ ಇರಲು ಮೊದಲ ದರ್ಜೆಯ ಎಂ.ಎಸ್ಸಿ. ಬಿಡಲಿಲ್ಲ. "ಇದೆ. ಮೈಕ್ರೋ ಆರ್‌ಎನ್‌ಎ ಅಂತ. ಬಹಳ ಚಿಕ್ಕದು. ತಾನು ಏನನ್ನೂ ತಯಾರು ಮಾಡೋದಿಲ್ಲ. ಸಂದೇಶದ ಮೇಲೆ ಹೋಗಿ ಕೂತ್ಕೊಂಡು ಅದರ ಬಾಯಿ ಕಟ್ಟುತ್ತೆ."

ಏನನ್ನೂ ತಯಾರು ಮಾಡದೆ, ಬಂದದ್ದರ ಮೇಲೆ ಕೂತು ಬಾಯಿ ಕಟ್ಟುವ ಅರ್ಹತೆ ಊರಿನಲ್ಲಿ ಯಾರಿಗಿದೆ ಎಂದು ಹುಡುಕುವ ಶ್ರಮ ಬೀಳಲಿಲ್ಲ. ಅಧ್ಯಕ್ಷರ ಬಾಮೈದ ವಿಜಯ್ ಆಗಲೇ ಕಚೇರಿಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದ. ಅವನನ್ನು ಮೈಕ್ರೋ ಆರ್‌ಎನ್‌ಎ ಎಂದು ನೇಮಿಸಿ, ಕಚೇರಿಯಿಂದ ಹೊರಡುವ ಪ್ರತಿ ಸಂದೇಶವೂ ಅವನ ಮೇಜಿನ ಮೂಲಕ ಹೋಗತಕ್ಕದ್ದೆಂದು ಆದೇಶಿಸಿದರು. ಆಮೇಲೆ ಮುನೀಂದ್ರ ಮಣ್ಣು ನಿಲ್ಲಿಸುವ ಸಂದೇಶವನ್ನು ಬರೆದು ಕಳಿಸಿದ. ಅದು ವಿಜಯ್ ಮೇಜಿಗೆ ಬಂದ ಮೊದಲ ಸಂದೇಶ. ವಿಜಯ್ ಅದರ ಮೇಲೆ ಕೂತ.

"ಗುರು, ಅದೇ ಹೋಗ್ಬೇಕಾಗಿದ್ದು ಕಣೋ!" ಎಂದು ನರೇಶ ಬೇಡಿಕೊಂಡ.

"ಹೋಗ್ಬೇಕಾಗಿದ್ದನ್ನ ತಡೆಯೋದೇ ತಾನೆ ನನ್ನ ಪೋಸ್ಟು? ತಾನಾಗೇ ಹೋಗದೇ ಇರೋದಕ್ಕೆ ನಾನ್ಯಾಕೆ ಬೇಕು?" ಎಂದ ವಿಜಯ್. ಬೀದಿದೀಪದ್ದು, ಚರಂಡಿಯದು, ಸೊಳ್ಳೆ ಔಷಧಿಯದು, ಎಲ್ಲವೂ ಅವನ ಮೇಜಿನ ಮೇಲೆ ಮೌನವಾದವು. ಮಣ್ಣಿನ ಸಂದೇಶ ಮಾತ್ರ ಅವನ ನೇಮಕಕ್ಕೆ ಮೊದಲೇ ಹೊರಟಿತ್ತು; ಉದ್ದ ಬಾಲದ್ದಾದ್ದರಿಂದ ಗಟ್ಟಿಯಾಗಿ ಬದುಕಿತ್ತು.

ಲೇಔಟಿನ ದಿಬ್ಬ ಪೂರ್ತಿ ಸಮವಾದ ದಿನ ಮಗ್ಗದ ಬೀದಿಯ ಗುಡ್ಡ ಪೂರ್ತಿಯಾಯಿತು. ಅದು ಬೀದಿಯ ತೆಂಗಿನ ಮರಗಳಿಗಿಂತ ಎತ್ತರ ಇತ್ತು. ನಜೀಬುಲ್ಲಾ ಅವರು "ನಕ್ಕೋ" ಎಂಬ ಒಂದೇ ಮಾತಿನಲ್ಲಿ ಹತ್ತಲು ನಿರಾಕರಿಸಿ ಒಳಗೇ ಉಳಿದರು. ಪೇಪರಿನವನು ತುದಿಯಿಂದ ಪೇಪರು ಬಿಟ್ಟರೆ ಅದು ಜಾರಿಕೊಂಡು ಬಂದು ಅವರ ಕುರ್ಚಿಯ ಬಳಿ ನಿಲ್ಲುತ್ತಿತ್ತು. ಮೊದಲು ಅವನು ಅದನ್ನು ಬೇಲಿಗೆ ಎಸೆಯುತ್ತಿದ್ದ. ಸೇವೆ ಸುಧಾರಿಸಿದೆ ಎಂದು ಅವರು ಒಪ್ಪಿಕೊಂಡರು. ಭಾನುವಾರಗಳಲ್ಲಿ ಮಾಕಳಿದುರ್ಗದ ಬೆಟ್ಟದಲ್ಲಿ ನೂಕುನುಗ್ಗಲು ಎಂದು ಬೇಸತ್ತ ಬೆಂಗಳೂರಿನ ಹುಡುಗ ಹುಡುಗಿಯರು ಇಲ್ಲಿಗೆ ಬರತೊಡಗಿದರು. ಪಂಚಾಯಿತಿ ಪಾರ್ಕಿಂಗ್ ಶುಲ್ಕ ವಿಧಿಸಿತು. ಮುನಿಗಂಗಮ್ಮ ಜಗಲಿಯಲ್ಲಿ ನಿಂಬೆಹಣ್ಣಿನ ಪಾನಕ ಇಟ್ಟರು.

ಇಂಥ ಒಂದು ದಿನ ತಂಜೀಲಾ ಬಂದಳು. ಅಳಿಯ ಫರ್ಹಾನ್ ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿದ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಇಳಿದು ಮೇಲೆ ನೋಡಿದಳು.

"ಅಮ್ಮೀ! ಎಲ್ಲಿದ್ದೀರಿ?"

"ಇಲ್ಲೇ ಇದೀನಮ್ಮಾ, ಈ ಕಡೆ!" ಎಂಬ ದನಿ ಗುಡ್ಡದ ಆಚೆಯಿಂದ ಬಂತು.

"ಈ ಗುಡ್ಡ ಯಾವಾಗ ಬಂತು?"

"ಮ್ಯಾಪ್‌ನಲ್ಲೂ ಇದೆ ಕಣೇ," ಎಂದ ಫರ್ಹಾನ್ ಫೋನು ನೋಡಿ, "ಒಳ್ಳೇ ರೇಟಿಂಗ್ ಇದೆ. ಸನ್‌ಸೆಟ್ ಚೆನ್ನಾಗಿರುತ್ತಂತೆ."

ಅನ್ವರ್ ಬೇಗಂ ಗುಡ್ಡ ಹತ್ತಿ ಇಳಿದು, ಮಗಳನ್ನು ಅಪ್ಪಿಕೊಂಡು, ಅವಳನ್ನು ಮುನಿಗಂಗಮ್ಮನ ಜಗಲಿಯಲ್ಲಿ ಕೂರಿಸಿ, ನೇರ ಕಚೇರಿಗೆ ನುಗ್ಗಿದರು. ಮುನೀಂದ್ರ ಶಾಂತವಾಗಿ ಎಲ್ಲವನ್ನೂ ಕೇಳಿಸಿಕೊಂಡ.

"ಮೇಡಂ, ಗುಡ್ಡ ತೆಗೆಯೋಕೆ ಹೊಸ ಸಂದೇಶ ಬೇಕು. ಅದು ವಿಜಯ್ ಮೇಜು ದಾಟಲ್ಲ. ಇರೋದು ಒಂದೇ ದಾರಿ. ಈ ಪದ್ಧತಿನೇ ರದ್ದಾಗಬೇಕು. ರದ್ದಾಗಬೇಕು ಅಂದ್ರೆ ನೀವು ಅವತ್ತು ಹೇಳಿದ ಪಾಠ ತಪ್ಪು ಅಂತ ಒಂದು ಸಾಲು ಬರೆದುಕೊಡಿ. ನಾಳೆ ಬೆಳಿಗ್ಗೆ ಜೆಸಿಬಿ ಕಳಿಸ್ತೀನಿ."

ಬಿಳಿ ಹಾಳೆ, ಪೆನ್ನು ಎರಡೂ ಮುಂದೆ ಬಂದವು. ಅನ್ವರ್ ಬೇಗಂ ಪೆನ್ನು ಹಿಡಿದರು. ಜಗಲಿಯಲ್ಲಿ ಕೂತ ಮಗಳ ಊದಿದ ಪಾದ ಕಣ್ಣ ಮುಂದೆ ಬಂತು. ಹಾಗೆಯೇ ಬೋರ್ಡಿನ ಮೇಲೆ ಯಾರೂ ಅಳಿಸದೆ ಬಿಟ್ಟಿದ್ದ ಜೀವಕೋಶವೂ ಕಣ್ಣಿಗೆ ಬಿತ್ತು. ಸಂದೇಶವಾಹಕ ಸರಿ. ವರ್ಗಾವಣೆ ಸರಿ. ರೈಬೋಸೋಮಿನ ಎರಡು ಭಾಗ ಸರಿ. ಬಾಣದ ಗುರುತೂ ಸರಿ.

"ಪಾಠ ತಪ್ಪಿಲ್ಲ," ಎಂದರು ಅವರು. "ಕತ್ತರಿಸಿದ್ದು ತಪ್ಪು."

"ಕತ್ತರಿಸಬೇಕು ಅನ್ನೋದು ಪಾಠದಲ್ಲೇ ಇತ್ತಲ್ಲ ಮೇಡಂ?" ಎಂದರು ಸಂಜೀವಪ್ಪ ನೋವಿನಿಂದ.

ಅನ್ವರ್ ಬೇಗಂ ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟರು. ಹಾಳೆ ಬಿಳಿಯಾಗಿಯೇ ಉಳಿಯಿತು. ವಿಜ್ಞಾನದ ಮರ್ಯಾದೆ ಉಳಿಸಿದ್ದಕ್ಕಾಗಿ ಕಚೇರಿಯವರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಆದರೂ ಗುರುವಿಗೆ ಅನ್ಯಾಯವಾಗಬಾರದೆಂದು ಮುನೀಂದ್ರ ವಿಶೇಷ ಸಭೆ ಕರೆದ. ಗುಡ್ಡವನ್ನು ಸರಿಸಲಾಗದಿದ್ದರೆ ತವರನ್ನು ಸರಿಸಬಹುದೆಂದು ಸದಸ್ಯರೊಬ್ಬರು ಸೂಚಿಸಿದರು. ನಿರ್ಣಯ ಒಮ್ಮತದಿಂದ ಅಂಗೀಕಾರವಾಯಿತು. ಸಭೆಯ ನಿರ್ಣಯವು ಸಂದೇಶವಲ್ಲವಾದ್ದರಿಂದ ವಿಜಯ್ ಅದರ ಮೇಲೆ ಕೂರಲಿಲ್ಲ.

"ಸದರಿ ಹೆರಿಗೆಯ ಉದ್ದೇಶಕ್ಕಾಗಿ ಮಾತ್ರ, ಗುಡ್ಡದ ಮುಂಭಾಗದಲ್ಲಿರುವ ಶ್ರೀಮತಿ ಮುನಿಗಂಗಮ್ಮನವರ ವಾಸದ ಮನೆಯನ್ನು ಶ್ರೀಮತಿ ತಂಜೀಲಾ ಅವರ ತವರುಮನೆ ಎಂದೂ, ಸದರಿ ಮುನಿಗಂಗಮ್ಮನವರನ್ನು ತಾಯಿ ಎಂದೂ, ಶ್ರೀಮತಿ ಅನ್ವರ್ ಬೇಗಂ ಅವರನ್ನು ನೆರೆಮನೆಯವರೆಂದೂ ಪರಿಗಣಿಸತಕ್ಕದ್ದು."

ನಿರ್ಣಯದ ಪ್ರತಿ ಕೈಸೇರಿದ ಕೂಡಲೇ ಮುನಿಗಂಗಮ್ಮ ನಡುಮನೆಯ ಮಂಚ ಖಾಲಿ ಮಾಡಿದರು. "ಬೇಗಮ್ಮ, ನೀವೇನೂ ಯೋಚ್ನೆ ಮಾಡ್ಬೇಡಿ. ನನ್ನ ಮಗಳು ಇನ್ನು," ಎಂದರು. ಇದು ಅವರು ನಿರ್ಣಯಕ್ಕೆ ಮೊದಲೂ ಹೇಳುತ್ತಿದ್ದ ಮಾತೇ ಆಗಿದ್ದರೂ ಈಗ ಅದಕ್ಕೆ ಅಧಿಕೃತ ಮಾನ್ಯತೆ ಬಂದಿತ್ತು.

ಅನ್ವರ್ ಬೇಗಂ ಒಂದು ಜೊತೆ ಬೂಟು ಕೊಂಡರು. ಹೆರಿಗೆಯಾದ ಮೇಲೆ ದಿನವೂ ಬಾಣಂತಿಗೆ ಕಾಯಿಸಿದ ಹರೀರಾ ಗಂಜಿಯನ್ನು ಸ್ಟೀಲಿನ ಡಬ್ಬಿಯಲ್ಲಿ ಹಿಡಿದು ಗುಡ್ಡ ಹತ್ತುತ್ತಿದ್ದರು. ತುದಿಯಲ್ಲಿ ಫೋಟೋ ತೆಗೆಯುವ ಹುಡುಗರು "ಆಂಟಿ, ಸ್ವಲ್ಪ ಪಕ್ಕಕ್ಕೆ" ಎಂದರೆ ಪಕ್ಕಕ್ಕೆ ಸರಿಯುತ್ತಿದ್ದರು. ಹುಟ್ಟಿದ್ದು ಹೆಣ್ಣು ಮಗು. ನೌರೀನ್ ಎಂದು ಹೆಸರಿಟ್ಟರು. ಬೇರೆ ಬೇರೆ ಪಟ್ಟಣಗಳ ಅಧಿಕಾರಿಗಳು ಗಂಗರಬಾವಿಯ ಮಾದರಿಯನ್ನು ಅಧ್ಯಯನ ಮಾಡಲು ಬಂದಾಗಲೆಲ್ಲ ಮುನೀಂದ್ರ ಅನ್ವರ್ ಬೇಗಂ ಅವರನ್ನೇ ಕರೆಸಿ ವಿವರಣೆ ಕೊಡಿಸುತ್ತಿದ್ದ. ಗುಡ್ಡದ ಬುಡದ ನಾಮಫಲಕದಲ್ಲಿ ಮಣ್ಣು ಬೆಸೆದ ಕೀರ್ತಿಯನ್ನು ಸಂದೇಶವಾಹಕನಿಗೆ ಕೊಟ್ಟಿದ್ದರು. ಅನ್ವರ್ ಬೇಗಂ ಅದನ್ನು ಒಪ್ಪದೆ, ಬೆಸೆಯುವ ಕೆಲಸ ರೈಬೋಸೋಮಿನದೆಂದು ವಾದಿಸಿ ಫಲಕವನ್ನೇ ಬದಲು ಮಾಡಿಸಿದರು. ಆ ಬದಲಾವಣೆಯನ್ನು ಗ್ಯಾಂಗಿನವರು ಪಟಾಕಿ ಹಚ್ಚಿ ಸ್ವಾಗತಿಸಿದರು.

ನಲವತ್ತು ದಿನ ಕಳೆದ ಮೇಲೆ ಫರ್ಹಾನ್ ಹೆಂಡತಿ ಮಗುವನ್ನು ಕರೆದೊಯ್ಯಲು ಬಂದ. ಮುನಿಗಂಗಮ್ಮ ತಂಜೀಲಾಳ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟರು. ಅಷ್ಟೂ ಹೊತ್ತು ಅನ್ವರ್ ಬೇಗಂ ನೆರೆಯವರು ನಿಲ್ಲುವ ಕಡೆ, ಜಗಲಿಯ ಕೆಳಗೆ ಬೂಟು ಹಾಕಿಕೊಂಡು ನಿಂತಿದ್ದರು. ಕಾರು ತಿರುವಿನಲ್ಲಿ ಮರೆಯಾಯಿತು. ನಿರ್ಣಯದ ಪ್ರಕಾರ ತಾಯಿಯಾಗಿದ್ದ ಮುನಿಗಂಗಮ್ಮ ಬಿಕ್ಕಿ ಬಿಕ್ಕಿ ಅತ್ತರು. ನಿರ್ಣಯದ ಪ್ರಕಾರ ನೆರೆಯವರಾಗಿದ್ದ ಅನ್ವರ್ ಬೇಗಂ ಮುನಿಗಂಗಮ್ಮನಿಗೆ ಸಮಾಧಾನ ಹೇಳಿದರು.